ಕೊನೆಯ ರೀಲು ಕೆಟ್ಟಿದೆ

ಆ ಭಾನುವಾರ ಬೆಳಗ್ಗೆಯೂ ಎದ್ದು ಮೊದಲು ಕೋಳಿಗೂಡಿನ ಬಾಗಿಲು ತೆಗೆದೆ. ಮಳೆಗಾಲದಲ್ಲಿ ಅದರ ಹಲಗೆ ಉಬ್ಬಿಕೊಳ್ಳುತ್ತಿತ್ತು. ಬರೀ ಕೈಯಲ್ಲಿ ಎಳೆದರೆ ಬಾರದು, ಮೊಣಕಾಲು ಒತ್ತಿ ಎತ್ತಿ ಎಳೆಯಬೇಕು. ಕೋಳಿಗಳು ಬಾಗಿಲಿಗೆ ಬಂದು, ಒದ್ದೆ ಅಂಗಳ ನೋಡಿ, ಒಂದು ಕಾಲು ಎತ್ತಿಕೊಂಡು ಸ್ವಲ್ಪ ಹೊತ್ತು ಹಾಗೆಯೇ ನಿಂತವು. ಆಮೇಲೆ ಬಾವಿಯಿಂದ ನೀರು, ಒಲೆಗೆ ಬೆಂಕಿ, ಗಂಜಿಗೆ ಅಕ್ಕಿ. ಅಕ್ಕಿ ತೊಳೆದ ನೀರನ್ನು ಕರಿಬೇವಿನ ಬುಡಕ್ಕೆ ಚೆಲ್ಲಿದೆ. ಕೈಗಳು ಇವೆಲ್ಲವನ್ನೂ ನನ್ನನ್ನು ಕೇಳದೆಯೇ ಮಾಡುತ್ತಿದ್ದವು.

ಒಳಕೋಣೆಯಲ್ಲಿ ಅತ್ತೆ ಟ್ರಾನ್ಸಿಸ್ಟರ್ ಹಚ್ಚಿದ್ದರು. ನಾನು ಅವರನ್ನು ಮಾಂಯ್ ಎಂದು ಕರೆಯುತ್ತಿದ್ದೆ. ನಮ್ಮ ಮನೆಮಾತು ಕೊಂಕಣಿ. ಮನೆಯೊಳಗೆ ಆಡಿದ್ದನ್ನೂ ಇಲ್ಲಿ ಕನ್ನಡದಲ್ಲಿಯೇ ಬರೆಯುತ್ತೇನೆ. ಮೊದಲೆಲ್ಲ ಆ ಟ್ರಾನ್ಸಿಸ್ಟರ್ ಅಡುಗೆಮನೆಯ ಕಿಟಕಿಯಲ್ಲಿ ಇರುತ್ತಿತ್ತು. ಆಗಸ್ಟಿನಲ್ಲಿ ಮಾಂಯ್ ಅದನ್ನು ತಮ್ಮ ಕೋಣೆಗೆ ಒಯ್ದು, ಬಾಗಿಲು ಒರಗಿಸಿಕೊಂಡು, ಸಣ್ಣ ದನಿಯಲ್ಲಿ ಕೇಳತೊಡಗಿದರು. ನನಗೆ ಕೇಳಿಸುತ್ತಿದ್ದದ್ದು ವಾರ್ತೆಯ ಗುಂಯ್ ಎಂಬ ಸದ್ದು ಮಾತ್ರ. ಅದು ಮುಗಿದ ಮೇಲೆ ಅವರು ಹೊರಗೆ ಬಂದು ತಂಬಿಗೆಯಿಂದ ಮುಖ ತೊಳೆದು ಪ್ರತಿದಿನ ಒಂದೇ ಮಾತು ಹೇಳುತ್ತಿದ್ದರು. ಆ ದಿನವೂ ಹೇಳಿದರು.

"ಎಂತ ಇಲ್ಲ. ಮಳೆ ಉಂಟಂತೆ."

ಅದು ತೊಂಬತ್ತನೇ ಇಸವಿ. ನನ್ನ ಗಂಡ ಕುವೈತಿನಲ್ಲಿದ್ದರು, ಏಸಿ ರಿಪೇರಿಯ ಒಂದು ವರ್ಕ್‌ಶಾಪಿನಲ್ಲಿ. ಆಗಸ್ಟಿನ ಆರಂಭದಲ್ಲಿ ಅಲ್ಲಿಗೆ ಇರಾಕಿನ ಸೈನ್ಯ ನುಗ್ಗಿತು. ಅಂದಿನಿಂದ ಫೋನೂ ಇಲ್ಲ, ಕಾಗದವೂ ಇಲ್ಲ. ಜನ ಮರುಭೂಮಿ ದಾಟಿ ಜೋರ್ಡಾನಿಗೆ ಹೋಗುತ್ತಿದ್ದಾರೆ, ಡೇರೆಗಳಲ್ಲಿ ಮಲಗಿ ಬೊಂಬಾಯಿಯ ವಿಮಾನಕ್ಕೆ ಕಾಯುತ್ತಿದ್ದಾರೆ ಎಂದು ಸುದ್ದಿ ಬರುತ್ತಿತ್ತು. ನಮ್ಮ ಕಡೆಯ ಕೆಲವರು ಬಂದೂ ಆಗಿತ್ತು. ಶಿರಿಯದ ಒಬ್ಬರು ಬಂದು, ನಿಮ್ಮ ಗಂಡ ಗಡಿಯ ಕಡೆಗೆ ಹೋಗುವ ಲಾರಿ ಹತ್ತಿದ್ದನ್ನು ನಾನೇ ನೋಡಿದೆ ಎಂದರು. ಮಂಜೇಶ್ವರದ ಇನ್ನೊಬ್ಬರು, ಇಲ್ಲ, ಲಾರಿಯಿಂದ ಇಳಿದು ವರ್ಕ್‌ಶಾಪಿಗೆ ಬೀಗ ಹಾಕಿ ಬರುತ್ತೇನೆಂದು ವಾಪಸ್ ಹೋದರು, ಆಮೇಲೆ ನೋಡಲಿಲ್ಲ ಎಂದರು. ಈ ಎರಡು ಮಾತುಗಳ ನಡುವೆ ನಾವಿಬ್ಬರು ಹೆಂಗಸರು ಗಂಜಿ ಬೇಯಿಸಿಕೊಂಡು ಇದ್ದೆವು. ನಮಗಿನ್ನೂ ಮಕ್ಕಳಾಗಿರಲಿಲ್ಲ.

ಮುಂದೆ ಏನಾಯಿತೆಂದು ಈಗ ನನಗೆ ಗೊತ್ತು. ಆದರೆ ಆ ದಿನ ಗೊತ್ತಿರಲಿಲ್ಲ, ಆದ್ದರಿಂದ ಅದನ್ನು ಇಲ್ಲಿ ತರುವುದಿಲ್ಲ. ತಂದರೆ ಆ ದಿನ ಸುಳ್ಳಾಗುತ್ತದೆ.

ಊರಿನವರು ತುಂಬ ಒಳ್ಳೆಯವರು. ಅಷ್ಟು ಒಳ್ಳೆಯತನ ನನಗೆ ಅಭ್ಯಾಸ ಇರಲಿಲ್ಲ. ಮೀನಿನ ಹೆಂಗಸು ಮೊದಲು ಬುಟ್ಟಿ ಇಳಿಸುವಾಗಲೇ "ನಿಮ್ಮವರು ಯಾವಾಗ ಬರುವುದು, ಅಂಜಲ್ ಮೀನು ತೆಗೆದಿಡಬೇಕಲ್ಲ" ಎಂದು ಕೇಳುತ್ತಿದ್ದಳು. ಈಗ ಮೀನು ಎಣಿಸಿ ಹಾಕಿ, ಮೇಲೊಂದು ಹೆಚ್ಚು ಹಾಕಿ, ಮಾತಾಡದೆ ಹೋಗುತ್ತಿದ್ದಳು. ಪೇಪರು ಮಾಂಯ್‌ಯ ಕೈ ದಾಟಿ ನನಗೆ ಸಿಗುವಾಗ ಮುಖಪುಟ ಇರುತ್ತಿರಲಿಲ್ಲ. ಲಾಟೀನಿನ ಗಾಜು ಒರೆಸಲಿಕ್ಕೆ ತೆಗೆದೆ ಎನ್ನುತ್ತಿದ್ದರು. ನಮ್ಮ ಗಾಜು ಅಷ್ಟು ಸ್ವಚ್ಛ ಯಾವ ವರ್ಷವೂ ಇರಲಿಲ್ಲ. ಇಗರ್ಜಿಯಲ್ಲಿ ಪಾದ್ರಿ ವಿಗಾರರು "ದೂರದಲ್ಲಿರುವವರಿಗಾಗಿ" ಎಂದು ಪ್ರಾರ್ಥಿಸುವಾಗ ಮುಂದಿನ ಬೆಂಚಿನವರ ಕತ್ತುಗಳು ಒಮ್ಮೆ ನನ್ನ ಕಡೆಗೆ ತಿರುಗಬೇಕೆಂದು ಬಯಸಿ, ತಡೆದುಕೊಂಡು, ನೇರವಾಗುತ್ತಿದ್ದವು. ಯಾರೂ ನನ್ನ ಗಂಡನ ಹೆಸರೆತ್ತುತ್ತಿರಲಿಲ್ಲ. ಬರುತ್ತಾರೆ ಎಂದು ಹೇಳಲು ಧೈರ್ಯ ಇಲ್ಲ, ಇಲ್ಲ ಎಂದು ಹೇಳಲು ಬಾಯಿ ಇಲ್ಲ. ಹಾಗಾಗಿ ಮನೆಯೊಳಗೂ ಹೊರಗೂ ಅವರ ಮಾತೇ ನಿಂತುಹೋಗಿತ್ತು.

ನನಗೆ ಅಳು ಬರುತ್ತಿರಲಿಲ್ಲ. ಕಾಲಿಗೆ ಜೋಮು ಹಿಡಿದಾಗ ಕಾಲು ಇದೆಯೆಂದು ಕಣ್ಣಿಗೆ ಕಾಣುತ್ತದೆ, ಮುಟ್ಟಿದರೆ ಯಾರದೋ ಕಾಲು ಮುಟ್ಟಿದ ಹಾಗೆ. ನನಗೆ ಎಲ್ಲವೂ ಹಾಗಿತ್ತು.

ಆ ಭಾನುವಾರದ ಹಿಂದಿನ ವಾರವಷ್ಟೇ ತೆನೆಹಬ್ಬ ಕಳೆದಿತ್ತು. ಮಾತೆ ಮರಿಯಳ ಹುಟ್ಟಿದ ಹಬ್ಬ. ಇಗರ್ಜಿಯಲ್ಲಿ ಆಶೀರ್ವದಿಸಿದ ಹೊಸ ತೆನೆಯನ್ನು ಮನೆಗೆ ತಂದು, ಭತ್ತ ಸುಲಿದು, ಪಾಯಸಕ್ಕೆ ಹಾಕಿ, ಮನೆಯವರೆಲ್ಲ ಒಟ್ಟಿಗೆ ಕೂತು ಹಿರಿಯರಿಂದ ಕಿರಿಯರವರೆಗೆ ಬಾಯಿಗಿಡಬೇಕು. ಪರದೇಶದಲ್ಲಿರುವವರಿಗೆ ಕೆಲವು ಕಾಳನ್ನು ಲಕೋಟೆಯಲ್ಲಿ ಹಾಕಿ ಅಂಚೆಯಲ್ಲಿ ಕಳುಹಿಸುವುದು ನಮ್ಮ ಕ್ರಮ. ಮಾಂಯ್ ಈ ಸಲವೂ ಕಾಳು ತೆಗೆದಿಟ್ಟರು. ಲಕೋಟೆಯ ಮೇಲೆ ಕುವೈತಿನ ವಿಳಾಸ ನನ್ನಿಂದಲೇ ಬರೆಸಿದರು, ಅಂಟು ಹಚ್ಚಿ ಸ್ಟಾಂಪು ಕೂಡ ಒತ್ತಿದರು. ಅಂಚೆಯವರು ಅಲ್ಲಿಗೆ ಟಪಾಲು ಹೋಗುವುದಿಲ್ಲ ಎಂದು ವಾಪಸ್ ಕೊಟ್ಟರು. ಸತ್ತವರಿಗೆ ಕಾಳು ತೆಗೆಯುವ ಕ್ರಮ ಇಲ್ಲ. ಮಾಂಯ್ ತೆಗೆದರು, ಅಷ್ಟೇ.

ಆ ಭಾನುವಾರ ಮಧ್ಯಾಹ್ನ ಇಗರ್ಜಿಯ ಹಾಲಿನಲ್ಲಿ ಪಿಕ್ಚರ್ ಇತ್ತು. ಅದನ್ನು ತಂದವರು ಊರಿನ ಲೈಬ್ರರಿ ನಡೆಸುತ್ತಿದ್ದ ನಿವೃತ್ತ ಮಾಸ್ಟ್ರು. ನನ್ನ ಗಂಡನಿಗೆ ಎಲಿಮೆಂಟರಿಯಲ್ಲಿ ಕಲಿಸಿದವರು. ಪೇಟೆಯಲ್ಲಿ ಒಂದು ಫಿಲ್ಮ್ ಸೊಸೈಟಿ ಇತ್ತು. ಅಲ್ಲಿಗೆ ಬರುವ ಪರದೇಶದ ಚಿತ್ರಗಳನ್ನು ಹಳ್ಳಿಯವರೂ ನೋಡಬೇಕೆಂಬುದು ಅವರ ಹಟ. ಲೈಬ್ರರಿಯ ಮಾಡು ಸೋರುತ್ತಿದ್ದುದರಿಂದ ಇಗರ್ಜಿಯ ಹಾಲು ಕೇಳಿದ್ದರು. ಅವರೂ ವಿಗಾರರೂ ಮಾತಾಡಿದ್ದನ್ನು ಊರೆಲ್ಲ ಹೇಳಿ ನಗುತ್ತಿತ್ತು.

"ರಶ್ಯಾದ್ದು ಅಂತೀರಿ ಮಾಸ್ಟ್ರೇ. ಕೆಂಪು ಬಾವುಟ ಉಂಟಾ ಅದರಲ್ಲಿ?"

"ಇದ್ದರೂ ಕಾಣುವುದಿಲ್ಲ ಫಾದರ್. ಕಪ್ಪು ಬಿಳುಪು ಪಿಕ್ಚರ್."

ಚಿತ್ರ ಬಹಳ ಹಳೆಯದು, ಸಿನೆಮಾಕ್ಕೆ ಮಾತು ಬಂದ ಹೊಸದರಲ್ಲಿ ತೆಗೆದದ್ದು. ಮಾತೆಲ್ಲ ರಶ್ಯನ್, ಅಡಿಯಲ್ಲಿ ಇಂಗ್ಲಿಷ್ ಅಕ್ಷರವೂ ಇಲ್ಲ. ಪ್ರೊಜೆಕ್ಟರ್ ಒಂದೇ ಇದ್ದುದರಿಂದ ಪ್ರತಿ ರೀಲು ಮುಗಿದ ಮೇಲೆ ದೀಪ ಹಾಕಿ ಇನ್ನೊಂದು ರೀಲು ಏರಿಸಬೇಕು. ಆ ಹೊತ್ತಿನಲ್ಲಿ ಯಾರಾದರೂ ಮೈಕಿನ ಮುಂದೆ ನಿಂತು ಮುಂದಿನ ಭಾಗದ ಕಥೆ ಹೇಳಬೇಕು. ಮಾಸ್ಟ್ರು ಅದನ್ನು ಹೇಳಲು ನನ್ನನ್ನು ಕೇಳಿದರು. ನಾನು ಮಂಗಳೂರಿನ ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿ ಸಿಸ್ಟರ್ ಒಬ್ಬರು ನಮ್ಮನ್ನು ಸ್ಟೇಜಿನ ಮೇಲೆ ನಿಲ್ಲಿಸಿ, ಕೂಗಬಾರದು, ಕೊನೆಯ ಬೆಂಚಿಗೆ ಮುಟ್ಟಬೇಕು ಎಂದು ಕಲಿಸಿದ್ದರು. ಮಾಸ್ಟ್ರಿಗೆ ಅದು ಗೊತ್ತಿತ್ತು. ಮನೆಯೊಳಗೆ ಕೂತೇ ಇದ್ದಾಳೆ, ಸ್ವಲ್ಪ ಹೊರಗೆ ಬರಲಿ ಎಂದೂ ಇದ್ದಿರಬಹುದು. ನಾನು ಆಗಲಿ ಎಂದೆ. ಆಗ ಯಾರು ಏನು ಕೇಳಿದರೂ ಆಗಲಿ ಎನ್ನುತ್ತಿದ್ದೆ.

ಎರಡು ದಿನ ಮೊದಲು ಅವರು ಮನೆಗೆ ಬಂದು ಚಾವಡಿಯಲ್ಲಿ ಕೂತು ಕಥೆ ಹೇಳಿದರು. ಪೇಟೆಯಲ್ಲಿ ಒಮ್ಮೆ ನೋಡಿ ಬಂದಿದ್ದರು. ಮಾಂಯ್ ಬಾಗಿಲ ಸಂದಿನಲ್ಲಿ ನಿಂತಿದ್ದರು.

"ರಶ್ಯಾದ ತುದಿಯಲ್ಲಿ ಒಂದು ಸಮುದ್ರ ಉಂಟು ಮಗಳೇ. ಚಳಿಗಾಲದಲ್ಲಿ ಅದು ಗಟ್ಟಿಯಾಗುವುದು."

"ಸಮುದ್ರ ಗಟ್ಟಿಯಾಗುವುದಾ?" ಎಂದರು ಮಾಂಯ್ ಒಳಗಿನಿಂದ. "ಮತ್ತೆ ಮೀನು ಎಂತ ಮಾಡ್ತದೆ?"

"ಮೀನು ಅಡಿಯಿಂದ ಹೋಗ್ತದೆ ಬಾಯಮ್ಮ. ಅದಕ್ಕೆ ಎಂತ, ಪಾಸ್‌ಪೋರ್ಟ್ ಬೇಕಾ?"

ಹೇಳಿ ಅವರೇ ನಗಲು ಹೋದರು. ಆಮೇಲೆ ಆ ಶಬ್ದ ಅವರ ಕಿವಿಗೇ ಬಿತ್ತೆಂದು ಕಾಣುತ್ತದೆ. ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿದರು. ಒಂದು ಗಾಜಿನ ಮೂಲೆಯಲ್ಲಿ ಸಣ್ಣ ಬಿರುಕು ಇತ್ತು, ಅಲ್ಲಿ ಮಾತ್ರ ಬೆರಳು ಹಗುರ ಮಾಡಿದರು.

ಕಥೆ ಇಷ್ಟು. ಆ ಸಮುದ್ರದ ದಂಡೆಯಲ್ಲಿ ಒಂದು ಹಳ್ಳಿ. ಗಂಡಸರು ದೋಣಿಯಲ್ಲಿ ಮೀನಿಗೆ ಹೋಗುತ್ತಾರೆ. ಆ ವರ್ಷ ಚಳಿ ಬೇಗ ಬಂದು ದೋಣಿಗಳು ಹಿಮದಲ್ಲಿ ಸಿಕ್ಕಿಕೊಳ್ಳುತ್ತವೆ. ಹಳ್ಳಿಯಲ್ಲಿ ಒಬ್ಬಳು ಎಳೆಯ ಹೆಂಡತಿ, ಅವಳ ಅತ್ತೆ. ಚಳಿಗಾಲವಿಡೀ ಇಬ್ಬರೂ ಕಾಯುತ್ತಾರೆ. ಹಿಮ ಕರಗುತ್ತದೆ. ದೋಣಿ ಕಾಣುತ್ತದೆ.

ಅಲ್ಲಿ ಮಾಸ್ಟ್ರು ನಿಲ್ಲಿಸಿ ಚಹಾ ಕುಡಿದರು. ಆಗ ಮಾಂಯ್ ಬಾಗಿಲ ಸಂದಿನಿಂದ ಪೂರ್ತಿ ಹೊರಗೆ ಬಂದರು. ಅವರು ಪರ ಗಂಡಸರ ಎದುರು ಹಾಗೆ ಬರುವವರಲ್ಲ.

"ಕಡೆಗೆ ಬರ್ತಾನಲ್ಲ ಅವ?"

ಮಾಸ್ಟ್ರು ಮಾಂಯ್‌ಯ ಮುಖ ನೋಡಿದರು. ನನ್ನನ್ನು ನೋಡಲಿಲ್ಲ.

"ಬರ್ತಾನೆ, ಬರ್ತಾನೆ. ಬಾರದೆ ಎಲ್ಲಿಗೆ ಹೋಗ್ತಾನೆ!"

ಅವರು ಕುಡಿದಿಟ್ಟ ಲೋಟವನ್ನು ನಾನು ಒಳಗೆ ತೆಗೆದುಕೊಂಡು ಹೋದೆ.

ಭಾನುವಾರ ಊಟದ ಹೊತ್ತಿಗೆ ಮಳೆ ನಿಂತಿತ್ತು. ಹಾಲಿನ ಕಿಟಕಿಗಳಿಗೆ ನೇರಳೆ ಬಟ್ಟೆ ಕಟ್ಟಿದ್ದರು. ಈಸ್ಟರಿನ ಮೊದಲು, ತಪಸ್ಸಿನ ಕಾಲದಲ್ಲಿ, ಇಗರ್ಜಿಯ ಪ್ರತಿಮೆಗಳಿಗೆ ಹೊದೆಸುವ ಬಟ್ಟೆ ಅದು. ಪರದೆಯೆಂದರೆ ಯಾರೋ ಗಲ್ಫಿನಿಂದ ತಂದ ದೊಡ್ಡ ಬಿಳಿ ಬೆಡ್‌ಶೀಟು. ಅಂಗಡಿಯ ಮಡಿಕೆಯ ಗೆರೆಗಳು ಇನ್ನೂ ಹೋಗಿರಲಿಲ್ಲ. ಪಿಕ್ಚರ್ ಶುರುವಾದಾಗ ಆ ಹೆಂಡತಿಯ ಮುಖದ ನಡುವಿನಿಂದ ಒಂದು ಗೆರೆ ಅಡ್ಡ, ಒಂದು ಉದ್ದ ಹಾದುಹೋಯಿತು. ಅವಳು ಎಲ್ಲಿ ಹೋದರೂ ಗೆರೆ ಅಲ್ಲೇ ಇರುತ್ತಿತ್ತು, ಅವಳೇ ಅದರೊಳಗೆ ಬಂದು ಹೋಗುತ್ತಿದ್ದಳು.

ಜನ ತುಂಬಿದ್ದರು. ಮುಂದೆ ಚಾಪೆಯ ಮೇಲೆ ಮಕ್ಕಳು, ಹಿಂದೆ ಬೆಂಚಿನಲ್ಲಿ ದೊಡ್ಡವರು. ನಾನು ಪರದೆಯ ಪಕ್ಕದಲ್ಲಿ ಮೈಕಿನ ಹತ್ತಿರ ಒಂದು ಸ್ಟೂಲಿನಲ್ಲಿ ಕೂತಿದ್ದೆ. ಮೈಕಿಗೆ ಕರೆಂಟ್ ಹೊಡೆಯುತ್ತದೆಂದು ಅದಕ್ಕೆ ಕರವಸ್ತ್ರ ಸುತ್ತಿದ್ದರು. ಮೂಲೆಯಲ್ಲಿ ಹಸಿರು ನೂಲಿನಿಂದ ಹೂವು ಹಾಕಿದ ಕರವಸ್ತ್ರ. ದೀಪ ಹಾಕಿದಾಗ ಎದ್ದು ಕಥೆ ಹೇಳುತ್ತಿದ್ದೆ, ಆರಿಸಿದಾಗ ಕೂರುತ್ತಿದ್ದೆ. ನನ್ನ ದನಿ ಹಾಲಿನ ಕೊನೆಯ ಗೋಡೆಗೆ ತಾಗಿ ನನಗೇ ಕೇಳಿಸುತ್ತಿತ್ತು. ಚೆನ್ನಾಗಿ ಓದುವ ಯಾವುದೋ ಹುಡುಗಿಯ ದನಿಯ ಹಾಗೆ.

ರಶ್ಯನ್ ಮಾತು ಎಣ್ಣೆಯಲ್ಲಿ ಸಾಸಿವೆ ಸಿಡಿಯುವ ಸದ್ದಿನೊಳಗಿಂದ ಬರುತ್ತಿತ್ತು. ಒಂದು ಶಬ್ದವೂ ತಿಳಿಯದು. ಆದರೂ ಊರಿನವರು ಸುಮ್ಮನಿರಲಿಲ್ಲ.

"ಇಷ್ಟು ಚಳಿಯಲ್ಲಿ ಬಟ್ಟೆ ಒಣಗುವುದು ಹೇಗೆ ಮಾರಾಯ್ರೇ?"

"ಒಣಗುವುದಿಲ್ಲ. ಮುರಿದು ಮಡಚಿ ಇಡುವುದು."

"ಅತ್ತೆಯ ಮೋರೆ ನೋಡು. ಅವಳು ರಶ್ಯಾದವಳಾ ಮೀಂಜದವಳಾ?"

ಮೀಂಜದಿಂದ ಮದುವೆಯಾಗಿ ಬಂದ ಒಬ್ಬರು ಅಲ್ಲಿಯೇ ಇದ್ದರು. "ಮೀಂಜದ ಅತ್ತೆಯಂದಿರು ನಗ್ತಾರೆ, ನಿಮ್ಮ ಹಾಗಲ್ಲ" ಎಂದರು ಕತ್ತಲೆಯಿಂದ. ಎಲ್ಲರೂ ನಕ್ಕರು. ಮಾಂಯ್ ಕೂಡ ನಕ್ಕದ್ದು ಕೇಳಿಸಿತು. ಅವರ ನಗೆ ಕೇಳದೆ ಬಹಳ ದಿನವಾಗಿತ್ತು. ಯಾರು ನಕ್ಕದ್ದೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ಆ ಹೆಂಡತಿ ಚಳಿಗಾಲವಿಡೀ ಬಲೆ ನೇಯುತ್ತಾಳೆ. ಅವಳ ಅತ್ತೆ ಅವಳನ್ನು ನೋಡುವುದಿಲ್ಲ, ಅವಳು ಅತ್ತೆಯನ್ನು ನೋಡುವುದಿಲ್ಲ. ಇಬ್ಬರೂ ಒಂದೇ ಬಲೆಯ ಎರಡು ಕೊನೆ ಹಿಡಿದಿರುತ್ತಾರೆ. ನೆರೆಯವರು ಬಂದು ಬಾಗಿಲಲ್ಲಿ ನಿಂತು ಏನೋ ಇಟ್ಟು ಹೋಗುತ್ತಾರೆ, ಮೀನೋ ರೊಟ್ಟಿಯೋ. ಯಾರೂ ಕೂರುವುದಿಲ್ಲ. ಆ ಭಾಗ ಬಂದಾಗ ಹಾಲಿನಲ್ಲಿ ಮಾತು ಕಡಿಮೆಯಾಯಿತು. ಆಮೇಲೆ ಪೂರ್ತಿ ನಿಂತಿತು. ನಾನು ಪರದೆಯ ತೀರ ಪಕ್ಕದಲ್ಲಿದ್ದುದರಿಂದ ಮುಖಗಳು ನನಗೆ ಓರೆಯಾಗಿ, ಉದ್ದವಾಗಿ ಕಾಣುತ್ತಿದ್ದವು. ನೋಡುತ್ತಿದ್ದೆ, ಅಷ್ಟೇ. ಇದು ನಮ್ಮ ಮನೆ ಎಂದು ಎಲ್ಲರಿಗೂ ಅನಿಸುತ್ತಿದೆಯೆಂದು ತಿಳಿಯಿತು. ನನಗೆ ಅನಿಸಿದ್ದು ಅವಳ ಕೈಯಲ್ಲಿರುವ ಬಲೆಯ ಸೂಜಿ ನಮ್ಮ ಶಿರಿಯದ ಮೀನುಗಾರರದಕ್ಕಿಂತ ಚಿಕ್ಕದು ಎಂದು.

ಕೊನೆಯ ರೀಲಿನ ಮೊದಲು ದೀಪ ಹಾಕಿದರು. ನಾನು ಎದ್ದೆ. ಆಗ ಮಾಸ್ಟ್ರು ಬೆಂಚುಗಳ ನಡುವಿನಿಂದ ಬೇಗ ಬೇಗ ಬಂದು ನನ್ನ ಪಕ್ಕದಲ್ಲಿ ನಿಂತು, ಮೈಕಿಗೆ ಕೈ ಅಡ್ಡ ಹಿಡಿದರು.

"ಮಗಳೇ, ಕೊನೆಯ ರೀಲು ಕೆಟ್ಟಿದೆ. ತೋರಿಸಲಿಕ್ಕೆ ಆಗುವುದಿಲ್ಲ. ನೀನು ಬಾಯಲ್ಲೇ ಹೇಳಿ ಮುಗಿಸು. ದೋಣಿ ಬಂತು, ಅವ ಇಳಿದ, ಮನೆಗೆ ಹೋದರು. ಅಷ್ಟು ಸಾಕು."

ಅವರ ಮೇಲ್ತುಟಿಯಲ್ಲಿ ಬೆವರು ನಿಂತಿತ್ತು. ನಾನು ಮೈಕಿಗೆ ಹಾಗೆಯೇ ಹೇಳಿದೆ. ಕೊನೆಯ ರೀಲು ಕೆಟ್ಟಿರುವುದರಿಂದ ತೋರಿಸುವುದಿಲ್ಲ. ಹಿಮ ಕರಗಿತು. ದೋಣಿ ಬಂತು. ಅವನು ಬಂದ.

ಜನ ಚಪ್ಪಾಳೆ ತಟ್ಟಿದರು. ನಮ್ಮ ಕಡೆ ಪಿಕ್ಚರಿಗೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಮುಂದಿನ ಬೆಂಚಿನ ಹೆಂಗಸರು ನನ್ನ ಮುಖ ನೋಡಿ ತಟ್ಟಿದರು, ಹಬ್ಬದ ಬಹುಮಾನ ಕೊಡುವಾಗ ತಟ್ಟುವ ಹಾಗೆ. ಮಾಂಯ್ ಸೆರಗು ಸರಿ ಮಾಡಿಕೊಂಡು ಎದ್ದರು. ಎಲ್ಲರೂ ಏಳತೊಡಗಿದರು, ಬೆಂಚು ಎಳೆಯುವ ಸದ್ದಾಯಿತು.

ಪ್ರೊಜೆಕ್ಟರಿನವನು ಪೇಟೆಯಿಂದ ಜೀಪಿನಲ್ಲಿ ಬಂದಿದ್ದ ಮನುಷ್ಯ. ಅಲ್ಲಿಯವರೆಗೆ ಬಾಯಿ ಬಿಟ್ಟಿರಲಿಲ್ಲ. ಈಗ ಹಿಂದಿನಿಂದ ಅವನ ದನಿ ಬಂತು, ಮೈಕ್ ಇಲ್ಲದೆಯೇ ಎಲ್ಲರಿಗೂ ಕೇಳುವ ಹಾಗೆ.

"ಯಾರು ಹೇಳಿದ್ದು ರೀಲು ಕೆಟ್ಟಿದೆ ಅಂತ?"

ಏಳುತ್ತಿದ್ದವರು ಅರ್ಧಕ್ಕೇ ನಿಂತು ಹಿಂದೆ ತಿರುಗಿದರು.

"ನನ್ನ ಕೈಯಲ್ಲಿ ಇವತ್ತಿನವರೆಗೆ ಒಂದು ರೀಲು ಕೆಟ್ಟದ್ದಿಲ್ಲ. ನಾಳೆ ಪೇಟೆಯಲ್ಲಿ ಎಂತ ಹೇಳ್ತಾರೆ? ಅವನ ಮಿಶನು ಫಿಲ್ಮ್ ತಿನ್ತದೆ ಅಂತ ಹೇಳ್ತಾರೆ. ಕೂತುಕೊಳ್ಳಿ ಎಲ್ಲ!"

"ಬಿಡು ಮಾರಾಯ, ಹೊತ್ತಾಯ್ತು" ಎಂದರು ಮಾಸ್ಟ್ರು. ಅವನಿಗೆ ಕಣ್ಣು ಮಾಡಿದರು, ಕೈಯಿಂದ ಬೇಡ ಬೇಡ ಎಂದು ತೋರಿಸಿದರು. ಅವನಿಗೆ ಅದು ತನ್ನ ಮಿಶನಿಗೆ ಮಾಡಿದ ಇನ್ನೊಂದು ಅವಮಾನವಾಗಿ ಕಂಡಿತು.

"ಹೊತ್ತು ಎಷ್ಟಾದರೂ ಆಗಲಿ. ಹೇಗೆ ಓಡ್ತದೆ ನೋಡಿ!"

ದೀಪ ಆರಿತು.

ರೀಲು ಚೆನ್ನಾಗಿತ್ತು. ಒಂದು ಗೀರೂ ಇರಲಿಲ್ಲ. ಹಿಂದಿನ ಎಲ್ಲ ರೀಲುಗಳಿಗಿಂತ ಅದೇ ಸ್ಪಷ್ಟವಾಗಿತ್ತು. ದೋಣಿ ಬಂತು. ಗಂಟೆ ಬಾರಿಸಿದರು. ಹೆಂಗಸರು ದಂಡೆಗೆ ಓಡಿದರು. ಗಡ್ಡ ಬೆಳೆದ ಗಂಡಸರು ಒಬ್ಬೊಬ್ಬರಾಗಿ ನೀರಿಗೆ ಇಳಿದು ಬಂದರು, ಪ್ರತಿಯೊಬ್ಬನಿಗೂ ಒಬ್ಬೊಬ್ಬಳು ಸಿಕ್ಕಿದಳು. ಆ ಎಳೆಯ ಹೆಂಡತಿ ನಿಂತೇ ಇದ್ದಳು. ಕೊನೆಗೆ ಒಬ್ಬ ಮುದುಕ ಇಳಿದ. ಅವನು ಅವಳ ಎದುರು ನಿಂತು ಟೊಪ್ಪಿ ತೆಗೆದು ಸಣ್ಣದಾಗಿ ಏನೋ ಹೇಳಿದ. ಬಹಳ ಚಿಕ್ಕ ಮಾತು. ಹಾಲಿನಲ್ಲಿ ಯಾರಿಗೂ ರಶ್ಯನ್ ಬಾರದು, ಎಲ್ಲರಿಗೂ ತಿಳಿಯಿತು.

ಅವಳು ಅಳಲಿಲ್ಲ. ತಲೆಗೆ ಕಟ್ಟಿದ ಬಟ್ಟೆಯ ಗಂಟು ಬಿಚ್ಚಿ ಇನ್ನೊಮ್ಮೆ ಬಿಗಿಯಾಗಿ ಕಟ್ಟಿದಳು. ದೋಣಿಯಿಂದ ಮೀನಿನ ಬುಟ್ಟಿಗಳನ್ನು ಇಳಿಸಬೇಕಿತ್ತು. ಹೆಂಗಸರು ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸುತ್ತಿದ್ದರು. ಅವಳು ಹೋಗಿ ಆ ಸಾಲಿನಲ್ಲಿ ನಿಂತಳು. ಬುಟ್ಟಿ ಬಂತು, ತೆಗೆದುಕೊಂಡಳು, ಕೊಟ್ಟಳು. ಇನ್ನೊಂದು ಬಂತು. ಅವಳ ಅತ್ತೆಯೂ ಎಲ್ಲಿಂದಲೋ ಬಂದು ಅವಳ ಪಕ್ಕದಲ್ಲಿ ನಿಂತಳು. ಬುಟ್ಟಿಗಳು ಹೋಗುತ್ತಲೇ ಇದ್ದವು. ಅಲ್ಲಿಗೆ ಪಿಕ್ಚರ್ ಮುಗಿಯಿತು.

ದೀಪ ಹಾಕಿದಾಗ ಯಾರೂ ಏಳಲಿಲ್ಲ. ಪ್ರೊಜೆಕ್ಟರಿನವನು ಮಾತ್ರ "ನೋಡಿದಿರಲ್ಲ? ಎಲ್ಲಿ ಕೆಟ್ಟಿದೆ?" ಎಂದ. ಆಮೇಲೆ ರೀಲನ್ನು ಡಬ್ಬಿಗೆ ಹಾಕತೊಡಗಿದ. ಏನು ನಡೆಯಿತೆಂದು ಪಾಪ ಅವನಿಗೆ ಹೇಗೆ ಗೊತ್ತಾಗಬೇಕು. ಮಾಸ್ಟ್ರು ಗೋಡೆಗೆ ಒರಗಿ ನೆಲ ನೋಡುತ್ತಿದ್ದರು. ಉಳಿದವರು ನನ್ನನ್ನು ನೋಡದಿರಲು ಬೆಡ್‌ಶೀಟನ್ನೇ ನೋಡುತ್ತಿದ್ದರು.

ಇಗರ್ಜಿಯ ಹತ್ತಿರ ಒಬ್ಬರೇ ಇರುವ ಮುದುಕಿಯೊಬ್ಬರು ಮುಂದಿನ ಬೆಂಚಿನಲ್ಲಿದ್ದರು. ಅವರಿಗೆ ಕಣ್ಣು ಮಂಜು, ಕಿವಿ ಚುರುಕು. ಅವರು ಕೇಳಿದರು.

"ಬಂದ ಅಂತ ನೀನೇ ಹೇಳಿದೆಯಲ್ಲ ಮಗಾ. ಎಲ್ಲಿ ಅವ?"

ಪಕ್ಕದವರು ಅವರ ತೊಡೆ ತಟ್ಟಿ ಸುಮ್ಮನಿರಲು ಹೇಳಿದರು. ಅವರು ಸುಮ್ಮನಿರಲಿಲ್ಲ. "ಎಂತ ತಟ್ಟುವುದು? ಕೇಳಿದರೆ ತಪ್ಪಾ?"

ನಾನು ಮೈಕಿನ ಎದುರಿಗೇ ಇದ್ದೆ. ಅದು ಆರಿರಲಿಲ್ಲ. ನನಗೆ ಕಂಡದ್ದನ್ನು ಹೇಳಿದೆ.

"ಈ ದೋಣಿಯಲ್ಲಿ ಬರಲಿಲ್ಲ."

"ಮತ್ತೆ? ಇನ್ನೊಂದು ದೋಣಿ ಉಂಟಾ?"

"ಗೊತ್ತಿಲ್ಲ" ಎಂದೆ. ಕೊನೆಯ ಬೆಂಚಿಗೂ ಮುಟ್ಟಿತು. ಕರವಸ್ತ್ರದ ಹಸಿರು ಹೂವಿಗೆ ಒಂದು ಎಸಳು ಕಡಿಮೆ ಇದೆಯೆಂದು ಆಗ ನೋಡಿದೆ.

ಹೊರಗೆ ಮಾಸ್ಟ್ರು ಮೆಟ್ಟಿಲ ಬಳಿ ಕಾಯುತ್ತಿದ್ದರು. "ಮಗಳೇ, ನಾನು ಮೊನ್ನೆ ನಿನ್ನ ಅತ್ತೆಯ ಮುಖ ನೋಡಿ..." ಎಂದು ಶುರು ಮಾಡಿದರು. ಮಾಂಯ್ ಅವರನ್ನು ಮುಗಿಸಲು ಬಿಡಲಿಲ್ಲ. "ನಾಡಿದ್ದು ಬನ್ನಿ ಮಾಸ್ಟ್ರೇ, ಪತ್ರಡೆ ಮಾಡ್ತೇನೆ" ಎಂದು ಕೊಡೆ ಬಿಡಿಸಿದರು. ಮಳೆ ಇರಲಿಲ್ಲ. ಮರದಿಂದ ಹನಿ ಬೀಳುತ್ತಿತ್ತು, ಅಷ್ಟೇ.

ಇಬ್ಬರೂ ಒಂದೇ ಕೊಡೆಯಲ್ಲಿ ಗದ್ದೆಯ ಕಿರಿದಾದ ಹುಣಿಯ ಮೇಲೆ ಒಬ್ಬರ ಹಿಂದೊಬ್ಬರು ನಡೆದೆವು. ನಮ್ಮ ಮುಂದೆ ಹೋಗುತ್ತಿದ್ದ ಹೆಂಗಸರ ಗುಂಪು ನಾವು ಹತ್ತಿರವಾದಂತೆ ಬೇಗ ನಡೆಯುತ್ತಿತ್ತು. ತೋಡಿನ ಮೇಲಿನ ಕಾಲುಸಂಕ ದಾಟಿದ ಮೇಲೆ ಮಾಂಯ್ ಕೇಳಿದರು:

"ಆ ಬುಟ್ಟಿಯಲ್ಲಿದ್ದದ್ದು ಯಾವ ಮೀನು? ಬಂಗುಡೆಯ ಹಾಗೆ ಕಾಣಲಿಲ್ಲ."

"ಗೊತ್ತಾಗಲಿಲ್ಲ ಮಾಂಯ್."

"ಸ್ವಲ್ಪ ದೊಡ್ಡದು" ಎಂದರು. ಇನ್ನೂ ಸ್ವಲ್ಪ ನಡೆದು, "ಅಷ್ಟು ಚಳಿಗೆ ಮೀನು ಹಾಳಾಗುವುದಿಲ್ಲ. ಅದೊಂದು ಒಳ್ಳೆಯದು" ಎಂದರು. ಮನೆಗೆ ಬಂದು ಸೀರೆ ಬದಲಿಸಿ, ನೇರ ಅಡುಗೆಮನೆಗೆ ಹೋಗಿ, ನಾನು ಬೆಳಗ್ಗೆಯೇ ತಿಕ್ಕಿಟ್ಟ ಪಾತ್ರೆಗಳನ್ನು ಮತ್ತೆ ತಿಕ್ಕಲು ಕೂತರು. ನಾನು ಅವರ ಪಕ್ಕದಲ್ಲಿ ಕೂತು ತೊಳೆದೆ. ಅವರು ತಿಕ್ಕಿ ಕೊಟ್ಟದ್ದನ್ನು ತೆಗೆದುಕೊಂಡು, ನೀರು ಹಾಕಿ, ಕವುಚಿಟ್ಟೆ. ಕೆಲಸ ಎಲ್ಲಿಂದ ಬಂತೆಂದು ನಾವು ಯೋಚಿಸಲಿಲ್ಲ.

ಸಂಜೆ ಬಿಸಿಲು ಬಂತು, ಮಳೆಗಾಲದಲ್ಲಿ ಒಮ್ಮೊಮ್ಮೆ ಬರುವ ಹಾಗೆ, ಅಡ್ಡಡ್ಡ, ಹಳದಿ. ನಾನು ಬಟ್ಟೆ ತೆಗೆಯಲು ಹಿತ್ತಿಲಿಗೆ ಹೋದೆ. ಪೂರ್ವದ ಮಣ್ಣಿನ ಗೋಡೆಯಾಚೆಗೆ ಬ್ಯಾರಿ ಮುಸಲ್ಮಾನರ ಮನೆ. ಆ ಮನೆಯ ಹೆಂಗಸು ನನಗಿಂತ ತುಂಬ ದೊಡ್ಡವರು. ಉಮ್ಮ ಎಂದೇ ನಾನು ಕರೆಯುತ್ತಿದ್ದೆ. ಪುತ್ತಿಗೆಯಲ್ಲಿ ಮಗಳ ಬಾಣಂತನಕ್ಕೆ ಹೋದವರು ಜುಲೈಯಿಂದಲೂ ಊರಿನಲ್ಲಿ ಇರಲಿಲ್ಲ. ಆ ದಿನ ಮಧ್ಯಾಹ್ನವಷ್ಟೇ ಬಂದಿದ್ದರು. ಪಿಕ್ಚರ್ ನೋಡಿರಲಿಲ್ಲ. ಊರು ಇಷ್ಟು ದಿನ ನಮ್ಮೆದುರು ಹೇಗೆ ಮಾತಾಡುತ್ತಿದೆ, ಯಾವುದನ್ನು ಮಾತಾಡುವುದಿಲ್ಲ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಕುವೈತಿನ ಸುದ್ದಿ ಗೊತ್ತಿತ್ತು, ಅದು ಯಾರಿಗೆ ಗೊತ್ತಿಲ್ಲ. ಅವರ ಇಬ್ಬರು ತಮ್ಮಂದಿರು ದುಬಾಯಿಯಲ್ಲಿದ್ದರು.

ಅವರು ಗೋಡೆಯ ಆಚೆ ಒಂದು ಕಲ್ಲಿನ ಮೇಲೆ ಹತ್ತಿ ನಿಂತರು. ತಲೆಯ ಮೇಲಿನ ಬಟ್ಟೆ, ಕಣ್ಣು, ಮೂಗು ಮಾತ್ರ ನನಗೆ ಕಂಡವು.

"ಹೇಗಿದ್ದೀರಿ ಬಾಯಿ? ಸಣಕಲು ಆಗಿದ್ದೀರಲ್ಲ. ಅತ್ತೆ ಉಣ್ಣಲಿಕ್ಕೆ ಕೊಡುವುದಿಲ್ಲವಾ?"

"ಕೊಡ್ತಾರೆ ಉಮ್ಮಾ. ಮಗಳು ಹೇಗಿದ್ದಾಳೆ?"

"ಗಂಡು. ಕರಿ ಅಂದ್ರೆ ಕರಿ, ಅಪ್ಪನ ಹಾಗೆ. ದನಿ ಮಾತ್ರ ನನ್ನದು, ನಾಲ್ಕು ಮನೆಗೆ ಕೇಳ್ತದೆ."

ನಾನು ಕ್ಲಿಪ್ಪು ತೆಗೆದು ತೆಗೆದು ಸೆರಗಿಗೆ ಹಾಕುತ್ತಿದ್ದೆ. ಉಮ್ಮ ಮೇಲೆ ನೋಡಿದರು. ನಮ್ಮ ಹಿತ್ತಿಲ ಮೂಲೆಯ ತೆಂಗಿನಮರ ಗೋಡೆ ದಾಟಿ ಅವರ ಬಚ್ಚಲಿನ ಮಾಡಿನ ಮೇಲೆ ಬಾಗಿಕೊಂಡಿತ್ತು. ಅವರು ಇಲ್ಲದಾಗ ಒಂದು ಮಡಲು ಬಿದ್ದು ಹಂಚು ಒಡೆದಿತ್ತು. ಒಡೆದ ಹಂಚಿನ ಒಂದು ಚೂರು ಅವರ ಕೈಯಲ್ಲಿಯೇ ಇತ್ತು. ಅದನ್ನು ಗೋಡೆಯ ಮೇಲೆ, ನನ್ನ ಕಡೆಗೆ ಇಟ್ಟರು.

"ನೋಡಿ ಇದನ್ನು. ನಿಮ್ಮ ಗಂಡ ಬಂದ ಮೇಲೆ ಮೊದಲು ಆ ಮರಕ್ಕೊಂದು ಗತಿ ಕಾಣಿಸಲಿಕ್ಕೆ ಹೇಳಿ ಮಾರಾಯ್ತಿ. ಹೋದ ಸಲ ರಜೆಗೆ ಬಂದಾಗಲೇ ಹೇಳಿದ್ದೆ ನಾನು, ಹೂಂ ಹೂಂ ಅಂತ ಹೇಳಿ ವಿಮಾನ ಹತ್ತಿದ್ರು. ಈ ಸಲ ಬರಲಿ, ನಾನು ಬಿಡುವುದಿಲ್ಲ."